ಜಲಾಲ್ ಹೇಳದೆ ಇಟ್ಟುಕೊಂಡ ಮಾತು

ಕಾಪು ಪೇಟೆಯಲ್ಲಿ ಮೊಯಿದಿನಬ್ಬ ಬ್ಯಾರಿಗಳದ್ದು ಒಂದು ಸಣ್ಣ ಜವುಳಿ ಅಂಗಡಿ. ಅವರ ಎರಡನೆಯ ಮಗ ಜಲಾಲ್. ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದು ದಾಸವಾಳದ ಬೇಲಿ ಮಾತ್ರ ಇದ್ದುದರಿಂದ ಅವನನ್ನು ಅವನ ಚಡ್ಡಿಯ ಕಾಲದಿಂದ ಕಂಡವಳು ನಾನು. ಅವನ ಅಣ್ಣ ದುಬೈಗೆ ಹೋದಾಗ ಇವನೂ ಹಿಂದೆಯೇ ಹೋಗುತ್ತಾನೆಂದು ಎಲ್ಲರೂ ಎಣಿಸಿದ್ದರು. ಹೋಗಲಿಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ತಂದೆಯ ಪಕ್ಕ ಕುಳಿತು ಬಟ್ಟೆ ಅಳೆಯತೊಡಗಿದ. ಕೈ ಬಟ್ಟೆಯ ಮೇಲೆ, ಕಿವಿ ಹೆದ್ದಾರಿಯ ಮೇಲೆ. ಮೋಟಾರ್‌ಸೈಕಲ್ ಹೋದರೆ ತಲೆ ಎತ್ತದೆಯೇ ಅದು ಯಾವುದು, ಯಾವ ಗೇರಿನಲ್ಲಿದೆ ಎಂದು ಹೇಳುತ್ತಿದ್ದ.

ಎಪ್ಪತ್ತನಾಲ್ಕರಲ್ಲಿ ಮಣಿಪಾಲದಲ್ಲಿ ಡಾಕ್ಟರಿಕೆ ಓದಿ ಮುಗಿಸಿದ ಪಂಜಾಬಿ ಹುಡುಗನೊಬ್ಬ, ಅಂಗಡಿಯ ಗಿರಾಕಿ, ಊರಿಗೆ ಹೋಗುವ ಮುಂಚೆ ತನ್ನ ಹಳೆಯ ಜಾವಾ ಗಾಡಿಯನ್ನು ಜಲಾಲನಿಗೆ ಕೊಟ್ಟ. ಅದರ ಜೊತೆಗೆ ಇಂಗ್ಲಿಷ್ ಮೋಟಾರು ಪತ್ರಿಕೆಗಳ ಒಂದು ಕಟ್ಟನ್ನೂ ಕೊಟ್ಟ. ಅವುಗಳಲ್ಲಿ ತಿರುವಿನಲ್ಲಿ ಮೊಣಕಾಲು ನೆಲಕ್ಕೆ ತಾಗುವಂತೆ ವಾಲಿ ಹೋಗುವ ಸವಾರರ ಚಿತ್ರಗಳಿದ್ದವು. ಜಲಾಲ್ ನಿಘಂಟು ಇಟ್ಟುಕೊಂಡು ಅವನ್ನು ಓದಿದ. ಮದ್ರಾಸಿನ ಆಚೆ, ಯುದ್ಧದ ಕಾಲದಲ್ಲಿ ವಿಮಾನ ಇಳಿಯುತ್ತಿದ್ದ ಹಳೆಯ ಬಯಲಿನಲ್ಲಿ ವರ್ಷಕ್ಕೊಮ್ಮೆ ಓಟದ ಪಂದ್ಯ ನಡೆಯುತ್ತದೆ, ಅದರಲ್ಲಿ ಹೊಸಬರಿಗೇ ಒಂದು ಓಟ ಉಂಟು ಎಂದು ಅವನಿಗೆ ತಿಳಿದದ್ದು ಹಾಗೆ.

"ಓಡಿ ಎಂತ ಸಿಗುತ್ತದೆ?" ಎಂದು ಮೊಯಿದಿನಬ್ಬ ಕೇಳಿದರು.

"ಏನೂ ಸಿಗುವುದಿಲ್ಲ ಉಪ್ಪ. ಸುಮ್ಮನೆ ಓಡುವುದು."

"ಹಾಗಾದರೆ ಅಂಗಡಿ ಬಾಗಿಲು ಹಾಕಿದ ಮೇಲೆ ಓಡು," ಎಂದರು ಅವರು. ಬೇಡ ಎನ್ನಲಿಲ್ಲ.

ಗಾಡಿಯ ರಿಪೇರಿಗೆಂದು ಉಡುಪಿಗೆ ಹೋದಾಗ ವಲೇರಿಯನ್‌ನ ಪರಿಚಯವಾಯಿತು. ಅವನ ಮನೆ ಕಲ್ಯಾಣಪುರದ ಕಡೆ, ವರ್ಕ್‌ಶಾಪ್ ಉಡುಪಿಯಲ್ಲಿ. ಅವನೂ ಇಪ್ಪತ್ತೈದರ ಪ್ರಾಯದವ, ತಂದೆ ಇಲ್ಲ, ತಾಯಿ ಎಲಿಜಬೆತ್ ಬಾಯಿ ಮಾತ್ರ. ಆ ಪತ್ರಿಕೆಗಳನ್ನು ನೋಡಿದ ದಿನವೇ ಅವನಿಗೂ ಹುಚ್ಚು ಹತ್ತಿತು. ಕಾರ್ಕಳದ ಕಲ್ಲುಕೋರೆಯೊಂದರ ಶೆಡ್ಡಿನಲ್ಲಿ ಮೂಲೆಗೆ ಬಿದ್ದಿದ್ದ ಜಾವಾದ ಎಂಜಿನ್ ತಂದ, ಗುಜರಿಯಿಂದ ಚೌಕಟ್ಟು ತಂದ, ಉಳಿದದ್ದನ್ನು ತಾನೇ ಲೇತಿನಲ್ಲಿ ಕಡೆದು ತನಗೊಂದು ಗಾಡಿ ಮಾಡಿಕೊಂಡ. ಅವರಿಬ್ಬರ ಮಾತು ತುಳುವಿನಲ್ಲಿ. ಜಲಾಲನ ಮನೆಮಾತು ಬ್ಯಾರಿ, ವಲೇರಿಯನ್‌ನದ್ದು ಕೊಂಕಣಿ. ಒಬ್ಬನ ಮನೆಯ ಮಾತು ಇನ್ನೊಬ್ಬನಿಗೆ ಬಾರದು.

ಕಲಿಯಲಿಕ್ಕೆ ಇಲ್ಲಿ ಜಾಗ ಎಲ್ಲಿದೆ? ಅವರು ಕಾಪುವಿನ ಕಡಲ ತೀರಕ್ಕೆ ಹೋದರು. ನೀರು ಇಳಿದಾಗ ದೀಪಸ್ತಂಭದ ದಕ್ಷಿಣಕ್ಕೆ ಒದ್ದೆ ಮರಳು ಸಿಮೆಂಟಿನ ಹಾಗೆ ಗಟ್ಟಿಯಾಗಿರುತ್ತದೆ. ಯಾವ ಭಾನುವಾರ ಎಷ್ಟು ಹೊತ್ತಿಗೆ ನೀರು ಇಳಿಯುತ್ತದೆಂದು ಹೇಳುತ್ತಿದ್ದವನು ಮೀನು ಹಿಡಿಯುವ ಮೊಗವೀರರ ಬೂಬ. ಎರಡು ಖಾಲಿ ಡಬ್ಬಗಳನ್ನು ದೂರದೂರ ಇಟ್ಟು, ಅವನ್ನು ಸುತ್ತಿ ಬರುವುದು ಅವರ ಓಟ.

ಮೊದಲ ವಾರದಲ್ಲೇ ಇಬ್ಬರೂ ಏಳೆಂಟು ಸಲ ಬಿದ್ದರು. ಮರಳಿನಲ್ಲಿ ಮುಂದಿನ ಬ್ರೇಕು ಹಿಡಿದರೆ ಮುಂದಿನ ಚಕ್ರ ಹೂತುಕೊಂಡು ಸವಾರ ಗಾಡಿಯ ಮೇಲಿಂದ ಹಾರಿ ಬೀಳುತ್ತಾನೆ. ರಸ್ತೆಯಲ್ಲೂ ಆಗ ನಮ್ಮ ಕಡೆ ಯಾರೂ ಮುಂದಿನ ಬ್ರೇಕು ಮುಟ್ಟುತ್ತಿರಲಿಲ್ಲ. ವಲೇರಿಯನ್ ಎರಡೂ ಗಾಡಿಗಳಿಂದ ಮುಂದಿನ ಬ್ರೇಕಿನ ಹಿಡಿಕೆಯನ್ನೂ ಕೇಬಲನ್ನೂ ಕಳಚಿ ಮೂಲೆಗೆ ಎಸೆದ. ಹಿಂದಿನ ಬ್ರೇಕನ್ನು ತುಳಿದು, ಬಾಲ ಜಾರಿಸಿಕೊಂಡು ತಿರುಗುವುದನ್ನು ಕಲಿತರು. ನೋಡಲು ಬಹಳ ಚೆಂದವಿತ್ತಂತೆ. ಬಲೆ ಎಳೆಯುವವರು ಕೆಲಸ ಬಿಟ್ಟು ನಿಲ್ಲುತ್ತಿದ್ದರು.

ಮೂರು ವರ್ಷದಲ್ಲಿ ಒಂದು ದಿನವೂ ಜಲಾಲ್ ಮುಂದೆ ಬರಲಿಲ್ಲ. ಪ್ರತಿ ಸಲವೂ ವಲೇರಿಯನ್‌ನದ್ದೇ ಗಾಡಿ ಮೊದಲು. ಬೂಬ ನಗುತ್ತಿದ್ದ: "ಎಂತ ಬ್ಯಾರಿ, ಇವತ್ತೂ ಪೊರ್ಬುವಿನ ಹೊಗೆಯೇ ಊಟವಾ?" ಕ್ರಿಸ್ತುವರನ್ನು ಇಲ್ಲಿ ಪೊರ್ಬುಗಳೆಂದು ಕರೆಯುವುದುಂಟು.

"ಬಿಡು ಮಾರಾಯ, ಅವನಿಗೆ ಹೊಗೆ ಒಗ್ಗಿದೆ," ಎಂದು ವಲೇರಿಯನ್ ಜಲಾಲನ ಬೆನ್ನಿಗೆ ಗುದ್ದುತ್ತಿದ್ದ.

ಜಲಾಲನೂ ನಗುತ್ತಿದ್ದ. ಆ ನಗುವಿನ ಒಳಗೆ ಏನಿತ್ತೆಂದು ಆಗ ಅವನಿಗೇ ಗೊತ್ತಿರಲಿಲ್ಲ ಎಂದು ಅವನು ಹೇಳಿದರೆ ನಾನು ನಂಬುತ್ತೇನೆ.

ಎಪ್ಪತ್ತೆಂಟರ ಫೆಬ್ರವರಿಯಲ್ಲಿ ಇಬ್ಬರೂ ಹೆಸರು ಕೊಟ್ಟರು. ಒಂದೇ ಬ್ರೇಕು ಇರುವ ಗಾಡಿಯನ್ನು ಓಟಕ್ಕೆ ಬಿಡುವುದಿಲ್ಲವೆಂದು ನಿಯಮದಲ್ಲಿ ಬರೆದಿತ್ತು. ವಲೇರಿಯನ್ ಕಳಚಿದ್ದನ್ನು ಹುಡುಕಿ ಮತ್ತೆ ಜೋಡಿಸಿದ. "ಇದು ಅವರಿಗೆ ತೋರಿಸಲಿಕ್ಕೆ ಮಾತ್ರ. ನೀನು ಮುಟ್ಟಬೇಡ, ನಾನೂ ಮುಟ್ಟುವುದಿಲ್ಲ," ಎಂದ. ಮಂಗಳೂರಿನಲ್ಲಿ ಪೆಟ್ರೋಲು ಖಾಲಿ ಮಾಡಿ, ಗಾಡಿಗಳಿಗೆ ಗೋಣಿ ಸುತ್ತಿ, ರೈಲಿಗೆ ಹಾಕಿ ಮದ್ರಾಸಿಗೆ ಹೋದರು.

ಅಲ್ಲಿ ನೆಲ ಡಾಂಬರಿನದ್ದು. ಓಟದ ಹಿಂದಿನ ದಿನ ಅಭ್ಯಾಸಕ್ಕೆ ಬಿಟ್ಟಾಗ ಇಬ್ಬರೂ ಉದ್ದದ ದಾರಿಯ ಕೊನೆಯ ತಿರುವಿಗೆ ಬಹಳ ಮೊದಲೇ ವೇಗ ಇಳಿಸಬೇಕಾಯಿತು. ಹಿಂದಿನ ಬ್ರೇಕು ಸಾಲುತ್ತಿರಲಿಲ್ಲ. ಉಳಿದವರು ಪಕ್ಕದಿಂದ ಸುಂಯ್ ಎಂದು ದಾಟಿ ಹೋಗುತ್ತಿದ್ದರು.

ಪಕ್ಕದ ಡೇರೆಯಲ್ಲಿ ಪಾಲಕ್ಕಾಡಿನ ಒಬ್ಬ ವಯಸ್ಸಾದ ಮೆಕ್ಯಾನಿಕ್ ಇದ್ದ. ಸಂಜೆ ಅವನು ಬೀಡಿ ಹಚ್ಚಿಕೊಂಡು ಬಂದು ಮಲಯಾಳದಲ್ಲಿ ಮಾತು ತೆಗೆದ. ಬ್ಯಾರಿ ಬಲ್ಲವನಿಗೆ ಮಲಯಾಳ ಅರ್ಥವಾಗುತ್ತದೆ. ವಲೇರಿಯನ್‌ಗೆ ಏನೂ ತಿಳಿಯದು, ಅವನು ಪ್ಲಗ್ಗು ಉಜ್ಜುತ್ತ ಕುಳಿತಿದ್ದ.

"ನೀವಿಬ್ಬರೂ ಹಿಂದಿನದರಲ್ಲೇ ನಿಲ್ಲಿಸುತ್ತೀರಿ, ನಾನು ನೋಡಿದೆ," ಎಂದ ಆ ಮೆಕ್ಯಾನಿಕ್. "ಡಾಂಬರಿನಲ್ಲಿ ಗಾಡಿಯನ್ನು ನಿಲ್ಲಿಸುವುದು ಮುಂದಿನ ಬ್ರೇಕು. ಗಾಡಿ ನೆಟ್ಟಗಿರುವಾಗ ಮೊದಲು ಮೆಲ್ಲ ಹಿಡಿ, ಆಮೇಲೆ ಜೋರಾಗಿ. ಹಿಂದಿನದನ್ನು ಹೀಗೆ ತುಳಿದರೆ ಒಂದು ದಿನ ಜಾರಿ ಹೋಗುತ್ತೀರಿ. ನಿನ್ನ ಸಂಗಾತಿಗೂ ಹೇಳು."

ಅವನು ಹೋದ ಮೇಲೆ ವಲೇರಿಯನ್ ತಲೆ ಎತ್ತಿ, "ಎಂತ ಹೇಳಿದ ಅವನು?" ಎಂದು ಕೇಳಿದ.

"ಏನಿಲ್ಲ, ಯಾವ ಊರು ಅಂತ ಕೇಳಿದ," ಎಂದ ಜಲಾಲ್.

ಯಾಕೆ ಹಾಗೆ ಹೇಳಿದನೋ! ತಾನೊಮ್ಮೆ ನೋಡಿ ಆಮೇಲೆ ಹೇಳೋಣವೆಂದು ಎಣಿಸಿದನಂತೆ. ಕತ್ತಲಾಗುವ ಮೊದಲು ಗಾಡಿ ತೆಗೆದು, ಡೇರೆಗಳ ಹಿಂದಿನ ಡಾಂಬರು ದಾರಿಯಲ್ಲಿ ಒಬ್ಬನೇ ಹೋಗಿ ಮುಂದಿನ ಬ್ರೇಕು ಹಿಡಿದು ನೋಡಿದ. ಅರ್ಧದಷ್ಟು ದೂರದಲ್ಲೇ ಗಾಡಿ ನಿಂತಿತು. ಬೀಳಲಿಲ್ಲ. ಮತ್ತೆ ಮತ್ತೆ ಹಿಡಿದು ನೋಡಿದ. ಹಿಂದೆ ಬಂದಾಗ ವಲೇರಿಯನ್ ಇಬ್ಬರಿಗೂ ಚಹಾ ತಂದಿಟ್ಟಿದ್ದ. ಜಲಾಲ್ ಚಹಾ ಕುಡಿದ, ಹೇಳಲಿಲ್ಲ.

ಬೆಳಿಗ್ಗೆ ಹೇಳಬೇಕೆಂದು ಎದ್ದ. ಓಟದ ಗೆರೆಯಲ್ಲಿ ಇಬ್ಬರದ್ದೂ ಅಕ್ಕಪಕ್ಕದ ಜಾಗ. ವಲೇರಿಯನ್ ಕೊರಳಿನ ಶಿಲುಬೆಗೆ ಮುತ್ತಿಟ್ಟು, ಇವನ ಕಡೆ ತಿರುಗಿ, "ನನ್ನ ಹೊಗೆ ಕುಡಿಯಲಿಕ್ಕೆ ಇಲ್ಲಿವರೆಗೂ ಬಂದೆಯಲ್ಲ ಮಾರಾಯ!" ಎಂದು ನಕ್ಕ. ಜಲಾಲ್ ಬಿಸ್ಮಿ ಹೇಳಿ ಬಾಯಿ ಮುಚ್ಚಿದ.

ಆರು ಸುತ್ತಿನ ಓಟ. ಎರಡನೆಯ ಸುತ್ತಿನಲ್ಲಿ, ಕೊನೆಯ ತಿರುವಿನ ಮುಂದೆ, ಜಲಾಲ್ ತಡವಾಗಿ ಬ್ರೇಕು ಹಿಡಿದು ವಲೇರಿಯನ್‌ನನ್ನು ದಾಟಿದ. ನಾಲ್ಕು ವರ್ಷದ ಗೆಳೆತನದಲ್ಲಿ ಮೊದಲ ಸಲ ಅವನ ಎದುರು ವಲೇರಿಯನ್‌ನ ಹೊಗೆ ಇರಲಿಲ್ಲ. ಆ ಸುಖವನ್ನು ಮುಂದೆ ನನಗೆ ಹೇಳುವಾಗ ಅವನು ನೆಲ ನೋಡುತ್ತಿದ್ದ.

ವಲೇರಿಯನ್ ಬಿಡುವವನಲ್ಲ. ಜಲಾಲ್ ಎಲ್ಲಿಯ ತನಕ ಪೂರ್ತಿ ವೇಗದಲ್ಲಿ ಹೋಗಬಲ್ಲನೋ ಅಲ್ಲಿಯ ತನಕ ತಾನೂ ಹೋಗಬಲ್ಲೆನೆಂದು ಅವನಿಗೆ ಅನಿಸಿರಬೇಕು. ಕೊನೆಯ ಸುತ್ತಿನಲ್ಲಿ ಅವನು ಜಲಾಲನ ಹಿಂದೆಯೇ ಅಲ್ಲಿಯವರೆಗೂ ಬಂದ, ಹಿಂದಿನ ಬ್ರೇಕು ತುಳಿದ. ಚಕ್ರ ಕಚ್ಚಿ ನಿಂತಿತು, ಗಾಡಿ ಅಡ್ಡ ಜಾರಿ, ತಿರುವಿನಾಚೆ ಮರಳು ತುಂಬಿ ಇಟ್ಟಿದ್ದ ಡ್ರಮ್ಮುಗಳಿಗೆ ಹೋಗಿ ಬಡಿಯಿತು. ಜಲಾಲನಿಗೆ ಶಬ್ದ ಕೇಳಿಸಲೇ ಇಲ್ಲ. ಅವನು ಐದನೆಯವನಾಗಿ ಓಟ ಮುಗಿಸಿ, ಶಿರಸ್ತ್ರಾಣ ತೆಗೆದು, ಹಿಂದೆ ತಿರುಗಿ ಸಂಗಾತಿಯನ್ನು ಹುಡುಕಿದ.

ಮದ್ರಾಸಿನ ಆಸ್ಪತ್ರೆಯಲ್ಲಿ ವಲೇರಿಯನ್‌ನ ಬಲಗಾಲನ್ನು ಮೊಣಕಾಲಿನ ಮೇಲಿನಿಂದ ತೆಗೆದರು. ನಲವತ್ತು ದಿನ ಜಲಾಲ್ ಅಲ್ಲೇ ನೆಲದ ಮೇಲೆ ಮಲಗಿದ. ಅವನೇ ಊರಿಗೆ ಕರೆದುಕೊಂಡು ಬಂದ. ಎಲಿಜಬೆತ್ ಬಾಯಿ ಮಗನನ್ನು ನೋಡುವ ಮೊದಲು ಇವನ ತಲೆ ಮೇಲೆ ಕೈಯಿಟ್ಟು, "ನೀನು ಇಲ್ಲದಿದ್ದರೆ ನನಗೆ ಇವನೂ ಸಿಗುತ್ತಿರಲಿಲ್ಲ ಬಾಬಾ," ಎಂದು ಅತ್ತರು.

ಜಲಾಲ್ ತನ್ನ ಗಾಡಿಯನ್ನು ಕೊಟ್ಟುಬಿಟ್ಟ, ಮತ್ತೆ ಏರಲಿಲ್ಲ. ವಲೇರಿಯನ್ ಲೇತಿನ ಎದುರು ನಿಲ್ಲಲಾರದೆ ವರ್ಕ್‌ಶಾಪ್ ಬಿಟ್ಟು, ಮನೆಯ ಚಾವಡಿಯಲ್ಲೇ ಮೇಜು ಹಾಕಿಕೊಂಡು ಪಂಪಿನ ಮೋಟಾರುಗಳಿಗೆ ತಂತಿ ಸುತ್ತುವ ಕೆಲಸ ಹಿಡಿದ. ಪ್ರತಿ ಭಾನುವಾರ ಬೆಳಿಗ್ಗೆ ಜಲಾಲ್ ಕಾಪುವಿನಿಂದ ಎರಡು ಬಸ್ಸು ಹಿಡಿದು ಕಲ್ಯಾಣಪುರಕ್ಕೆ ಹೋಗಿ, ಅವನನ್ನು ಬಸ್ಸಿಗೆ ಹತ್ತಿಸಿ, ಅವರ ಚರ್ಚಿನ, ಎಂದರೆ ಇಗರ್ಜಿಯ, ಎದುರು ಇಳಿಸಿ, ಪೂಜೆ ಮುಗಿಯುವವರೆಗೆ ಹೊರಗೆ ಕಟ್ಟೆಯಲ್ಲಿ ಕುಳಿತು, ಹಿಂದೆ ಕರೆದುಕೊಂಡು ಬರುತ್ತಿದ್ದ. ಐದು ವರ್ಷ ತಪ್ಪದೆ ನಡೆಯಿತು. ಸ್ವಂತ ತಮ್ಮನೂ ಹೀಗೆ ನೋಡಿಕೊಳ್ಳುವುದಿಲ್ಲವೆಂದು ಎರಡೂ ಊರಿನವರು ಹೊಗಳಿದರು. ನಾನೂ ಹೊಗಳಿದ್ದೆ. ಆಗೆಲ್ಲ ಅವನು ಬೇಗ ಎದ್ದು ಹೋಗುತ್ತಿದ್ದುದಕ್ಕೆ ನಾಚಿಕೆಯೇ ಕಾರಣವೆಂದು ತಿಳಿದಿದ್ದೆ.

ಎಂಬತ್ತಮೂರರಲ್ಲಿ ಮೊಯಿದಿನಬ್ಬರು ಹಜ್ಜಿಗೆ ಹೊರಟರು. ಹೊರಡುವವರು ಅದಕ್ಕೆ ಮೊದಲು ಮನೆಮನೆಗೆ ಹೋಗಿ, ಗೊತ್ತಿದ್ದೋ ಗೊತ್ತಿಲ್ಲದೆಯೋ ತಪ್ಪಾಗಿದ್ದರೆ ಮನ್ನಿಸಿ ಎಂದು ಕೇಳುವುದು ನಮ್ಮಲ್ಲಿ ಪದ್ಧತಿ. ಅಲ್ಲಾಹನಿಗೆ ಮಾಡಿದ ತಪ್ಪನ್ನು ಅಲ್ಲಾಹನು ಮನ್ನಿಸಬಲ್ಲ. ಮನುಷ್ಯನಿಗೆ ಮಾಡಿದ್ದನ್ನು ಆ ಮನುಷ್ಯನೇ ಮನ್ನಿಸಬೇಕು. ಮಂಡಿನೋವಿನ ತಂದೆಯ ಜೊತೆಗೆ ಜಲಾಲ್ ಕೊಡೆ ಹಿಡಿದುಕೊಂಡು ಹೊರಟ.

ಬೂಬನ ಮನೆಗೆ ಹೋದಾಗ ಬೂಬ, "ಒಮ್ಮೆ ಬಣ್ಣ ಬಿಡುವ ಲುಂಗಿ ಕೊಟ್ಟಿದ್ದಿರಿ ಬ್ಯಾರಿಗಳೇ. ಅದೊಂದನ್ನು ಬಿಟ್ಟು ಬಾಕಿ ಎಲ್ಲ ಮನ್ನಿಸಿದ್ದೇನೆ," ಎಂದು ತಮಾಷೆ ಮಾಡಿದ. ಮೊಯಿದಿನಬ್ಬರು ಮಳೆಯಲ್ಲೇ ಅಂಗಡಿಗೆ ಹೋಗಿ ಹೊಸ ಲುಂಗಿ ತಂದುಕೊಟ್ಟರು. ಬೂಬ ಎಷ್ಟು ಬೇಡವೆಂದರೂ ಕೇಳಲಿಲ್ಲ. ತಂದೆ ಒಂದು ಲುಂಗಿಗಾಗಿ ಹಾಗೆ ನಡೆದುಹೋದದ್ದನ್ನು ಜಲಾಲ್ ನೋಡುತ್ತ ನಿಂತಿದ್ದ.

ಕೊನೆಗೆ ಕಲ್ಯಾಣಪುರ. ಮೊಯಿದಿನಬ್ಬರು ಚಾವಡಿಯಲ್ಲಿ ಕುಳಿತು, ವಲೇರಿಯನ್‌ನ ಎರಡೂ ಕೈ ಹಿಡಿದು ಕೇಳಬೇಕಾದದ್ದನ್ನು ಕೇಳಿದರು.

"ನೀವೆಂತ ತಪ್ಪು ಮಾಡಿದ್ದೀರಿ ಬ್ಯಾರಿಗಳೇ?" ಎಂದರು ಎಲಿಜಬೆತ್ ಬಾಯಿ. "ನಿಮ್ಮ ಮಗ ನನ್ನ ಮಗನಿಗೆ ಕಾಲಾಗಿದ್ದಾನೆ."

ಆಗ ಜಲಾಲ್ ಬಾಗಿಲ ಹತ್ತಿರ ನಿಂತಲ್ಲಿಂದಲೇ, "ಬಾಯಿ, ಹಾಗೆ ಹೇಳಬೇಡಿ," ಎಂದ. ಪಾಲಕ್ಕಾಡಿನವನು ಹೇಳಿದ್ದನ್ನೂ, ತಾನು ಅದನ್ನು ಮುಚ್ಚಿಟ್ಟು ಬೇರೇನೋ ಹೇಳಿದ್ದನ್ನೂ, ಹಿಂದಿನ ದಾರಿಯಲ್ಲಿ ಒಬ್ಬನೇ ಬ್ರೇಕು ಹಿಡಿದು ನೋಡಿದ್ದನ್ನೂ ಹೇಳಿದ. "ಒಂದು ಸಲ ನಿನಗಿಂತ ಮುಂದೆ ಹೋಗಬೇಕೆಂದು ಆಸೆಯಾಗಿತ್ತು ವಲೇರಿಯನ್. ಅಷ್ಟೇ. ಇಷ್ಟಾಗುತ್ತದೆಂದು ಎಣಿಸಿರಲಿಲ್ಲ. ನನ್ನನ್ನು ಮನ್ನಿಸು."

ಎಲಿಜಬೆತ್ ಬಾಯಿ ಎದ್ದು ಒಳಗೆ ಹೋದರು, ಮತ್ತೆ ಹೊರಗೆ ಬರಲಿಲ್ಲ.

"ನಾನು ಕೇಳಿದ್ದೆ ನಿನ್ನನ್ನು," ಎಂದ ವಲೇರಿಯನ್. "ಎಂತ ಹೇಳಿದ ಅವನು ಅಂತ ಕೇಳಿದ್ದು ನನಗೆ ನೆನಪುಂಟು."

"ಹೌದು."

"ಆಮೇಲೆ ನಾನು ತಂದ ಚಹಾ ಕುಡಿದೆಯಲ್ಲ ಮಾರಾಯ."

ವಲೇರಿಯನ್ ಮೊಯಿದಿನಬ್ಬರ ಕಡೆಗೆ ತಿರುಗಿ, "ಬ್ಯಾರಿಗಳೇ, ನೀವು ಸಮಾಧಾನದಲ್ಲಿ ಹೋಗಿ ಬನ್ನಿ. ನಿಮ್ಮ ಮೇಲೆ ನನಗೆ ಎಂತದ್ದೂ ಇಲ್ಲ. ಮನ್ನಿಸಿದೆ ಅಂತ ಇವನಿಗೆ ಈಗ ಹೇಳಲಿಕ್ಕೆ ನನಗೆ ಆಗುವುದಿಲ್ಲ. ಹೇಳಲಿಕ್ಕೆ ಇವನಿಗೆ ಐದು ವರ್ಷ ಬೇಕಾಯಿತು. ನನಗೆ ಎಷ್ಟು ಬೇಕೋ ಗೊತ್ತಿಲ್ಲ," ಎಂದು ತಂತಿಯ ಉರುಳೆಯನ್ನು ಕೈಗೆ ತೆಗೆದುಕೊಂಡ.

ಮನೆಯ ಅಂಗಳಕ್ಕೆ ಬಂದ ಮೇಲೆ ಮೊಯಿದಿನಬ್ಬರು, "ಹಜ್ಜಿನಲ್ಲಿ ನಿನಗಾಗಿ ದುಆ ಮಾಡುತ್ತೇನೆ. ಅವನ ಬಾಯಿಂದ ಬರಬೇಕಾದ ಮಾತನ್ನು ನನಗೆ ಅಲ್ಲಿಂದ ತರಲಿಕ್ಕೆ ಆಗುವುದಿಲ್ಲ ಮಗನೇ," ಎಂದರು. ಆ ಸಂಜೆ ಜಲಾಲ್ ನಮ್ಮ ಜಗಲಿಗೆ ಬಂದು ಕುಳಿತು ಇದೆಲ್ಲವನ್ನೂ ನನಗೆ ಹೇಳಿದ. ಮಗ್ರಿಬ್ ನಮಾಜಿನ ಬಾಂಗು ಆಗುವ ತನಕ ಕೇಳಿದೆ.

ಮುಂದಿನ ಭಾನುವಾರ ಅವನು ಎಂದಿನ ಹಾಗೆ ಹೋದ. ಕಲ್ಯಾಣಪುರದ ಮನೆಯ ಹತ್ತಿರದ ನಿಲ್ದಾಣಕ್ಕೆ ಇಗರ್ಜಿಯ ಕಡೆಯ ಬಸ್ಸು ಬಂದಾಗ ವಲೇರಿಯನ್ ಆಗಲೇ ಅದರ ಒಳಗೆ ಕುಳಿತಿದ್ದ. ಊರುಗೋಲು ಹಿಡಿದು ಹಿಂದಿನ ನಿಲ್ದಾಣದವರೆಗೆ ತಾನೇ ನಡೆದುಹೋಗಿ ಹತ್ತಿದ್ದ. ಇವನನ್ನು ನೋಡಿದ, ಮುಖವನ್ನು ಕಿಟಕಿಗೆ ತಿರುಗಿಸಿದ. ಜಲಾಲ್ ಹಿಂದಿನ ಬಾಗಿಲಿನಲ್ಲಿ ಹತ್ತಿ ನಿಂತ.

"ಎಂತ ಇವತ್ತು, ದೋಸ್ತಿಗಳು ಬೇರೆ ಬೇರೆ?" ಎಂದು ಕಂಡಕ್ಟರ್ ಕೇಳಿದ.

ಇಗರ್ಜಿಯ ಎದುರು ವಲೇರಿಯನ್ ಇಳಿಯಲು ಬಹಳ ಹೊತ್ತು ಹಿಡಿಯಿತು. ಊರುಗೋಲು ಮೆಟ್ಟಿಲಿನಲ್ಲಿ ಒಮ್ಮೆ ಜಾರಿತು. ಜಲಾಲ್ ಎರಡು ಹೆಜ್ಜೆ ಮುಂದೆ ಬಂದು ಅಲ್ಲೇ ನಿಂತ, ಕೈ ಚಾಚಲಿಲ್ಲ. ವಲೇರಿಯನ್ ಕಂಬಿ ಹಿಡಿದು ತಾನೇ ನೆಟ್ಟಗಾಗಿ ಇಳಿದು, ಹಿಂದೆ ನೋಡದೆ ನಡೆದ.

ಮೊಯಿದಿನಬ್ಬರು ಹಜ್ಜಿನಿಂದ ಬಂದು ಈಗ ಮೂರು ವರ್ಷವಾಯಿತು. ಜಲಾಲ್ ಇಂದಿಗೂ ಭಾನುವಾರ ಆ ಬಸ್ಸಿಗೆ ಹತ್ತುತ್ತಾನೆ, ಹಿಂದಿನ ಬಾಗಿಲಿನ ಹತ್ತಿರ ನಿಲ್ಲುತ್ತಾನೆ. ವಲೇರಿಯನ್ ಇಳಿದ ಮೇಲೆ ಮುಂದಿನ ನಿಲ್ದಾಣದಲ್ಲಿ ತಾನೂ ಇಳಿದು ಊರಿಗೆ ಬರುತ್ತಾನೆ. ಏನಾದರೂ ಹೇಳಿದನಾ ಎಂದು ನಾನು ಬೇಲಿಯ ಈಚೆಯಿಂದ ಕೇಳುತ್ತೇನೆ. ಇಲ್ಲ ಎಂದು ತಲೆಯಾಡಿಸಿ ಅಂಗಡಿಗೆ ಹೋಗುತ್ತಾನೆ.