ಹಿಂದಿನ ಗೇಟಿನ ದೇವರಾಜು

ಬೆಂಗಳೂರಿನ ಹೋಟೆಲ್ ಕೆಲಸಕ್ಕೆ ಸಿದ್ದಮಲ್ಲಪ್ಪನನ್ನು ಕರೆದುಕೊಂಡು ಹೋದದ್ದು ದೇವರಾಜು. ಯಾರು ಕೇಳಲಿ ಬಿಡಲಿ, ಆ ಮಾತನ್ನು ಅವನು ಈಗಲೂ ಹೇಳುತ್ತಾನೆ.

ಇಬ್ಬರೂ ಮಿರ್ಲೆಯವರು, ಗದ್ದೆಗೆ ಗದ್ದೆ ತಾಗಿಕೊಂಡಿದ್ದವರು. ದೇವರಾಜು ಕೆ.ಆರ್. ನಗರದಲ್ಲಿ ಲಗೇಜ್ ಆಟೊ ಓಡಿಸುತ್ತಿದ್ದ. ಭತ್ತದ ಮೂಟೆ, ಮದುವೆ ಮನೆಯ ಪಾತ್ರೆ, ಸಿಮೆಂಟು, ಏನಾದರೂ ಸರಿ. ದೊಡ್ಡ ಪಿಕಪ್ ಗಾಡಿಗಳು ಬಂದ ಮೇಲೆ ಬಾಡಿಗೆ ಸಿಗುವುದೇ ಕಷ್ಟವಾಗಿ ಆಟೊ ಮಾರಿದ. ಗದ್ದೆಯನ್ನು ಹೆಂಡತಿ ಸುನಂದಮ್ಮ ನೋಡಿಕೊಳ್ಳುತ್ತಿದ್ದಳು. ಅಲ್ಲಿ ಅವಳಿಗೆ ಗಂಡನ ಕೈಯೂ ಬೇಕಿರಲಿಲ್ಲ, ಬಾಯಿಯೂ ಬೇಕಿರಲಿಲ್ಲ. ಹೀಗೆ ಸುಮ್ಮನೆ ಕೂತಿದ್ದಾಗ ಪಿರಿಯಾಪಟ್ಟಣದ ಮಹೇಂದ್ರನ ಪರಿಚಯವಾಯಿತು. ಮಹೇಂದ್ರ ಬೆಂಗಳೂರಿನ ಹೋಟೆಲುಗಳಿಗೆ ಸೆಕ್ಯುರಿಟಿಯವರನ್ನು ಕೊಡುವ ಏಜೆನ್ಸಿಯೊಂದರಲ್ಲಿ ಸೂಪರ್‌ವೈಸರ್. "ದೊಡ್ಡ ಹೋಟ್ಲು ಕಣ್ರೀ. ಎಸಿ, ಊಟ, ಯೂನಿಫಾರಂ ಎಲ್ಲ ಅವ್ರದ್ದೇ. ಇನ್ನೊಬ್ರು ಯಾರಾದ್ರೂ ಇದ್ರೆ ಕರ್ಕೊಂಡು ಬನ್ನಿ" ಎಂದ.

ಒಬ್ಬನೇ ಹೋಗಲು ದೇವರಾಜುವಿಗೆ ಅಂಜಿಕೆಯಾಯಿತು. ಪಕ್ಕದ ಗದ್ದೆಯ ಸಿದ್ದಮಲ್ಲಪ್ಪನನ್ನು ಕೇಳಿದ. ಸಿದ್ದಮಲ್ಲಪ್ಪ ಇವನಿಗಿಂತ ಬಹಳ ಹಿರಿಯ. ಮಗಳನ್ನು ಅಂತರಸಂತೆಗೆ ಮದುವೆ ಮಾಡಿಕೊಟ್ಟಿದ್ದ. ಆರಡಿ ಮೀರಿದ ಆಳು, ಕಿವಿಯ ತನಕ ತಿರುಗಿ ನಿಂತ ಮೀಸೆ, ಕೂದಲಿಗೆ ತಪ್ಪದೆ ಕಪ್ಪು ಬಣ್ಣ.

"ಈ ವಯಸ್ಸಲ್ಲಿ ನನ್ನ ಯಾವನ್ಲಾ ತಕ್ಕತಾನೆ?" ಎಂದ.

"ಬಾರಣ್ಣ, ನಂಗೊಂದು ಜೊತೆ ಆಯ್ತದೆ. ಸಿಗದಿದ್ರೆ ಬೆಂಗ್ಳೂರಾದ್ರೂ ನೋಡ್ಕಂಡ್ ಬರಾವ" ಎಂದು ದೇವರಾಜು ಬಲವಂತ ಮಾಡಿದ.

ಹೋಟೆಲಿನಲ್ಲಿ ಇಬ್ಬರನ್ನೂ ಒಂದು ಗಾಜಿನ ಕೋಣೆಯಲ್ಲಿ ನಿಲ್ಲಿಸಿದರು. ಮ್ಯಾನೇಜರ್ ಮೇಡಂ ಒಳಗೆ ಬಂದವರು ದೇವರಾಜುವಿನ ಕಡೆ ನೋಡಲೇ ಇಲ್ಲ. ಸಿದ್ದಮಲ್ಲಪ್ಪನ ಸುತ್ತ ಒಂದು ಸುತ್ತು ಬಂದು, ಇಂಗ್ಲಿಷಿನಲ್ಲಿ ಏನೋ ಹೇಳಿ ನಕ್ಕರು. ಮಹೇಂದ್ರ ತಿರುಗಿ ಕನ್ನಡದಲ್ಲಿ ಹೇಳಿದ: "ಅದೃಷ್ಟ ಕಣಣ್ಣ ನಿಂದು. ಮುಂದಿನ ಬಾಗ್ಲಿಗೆ ಹಾಕ್ತಾರಂತೆ."

"ನಂಗೆ?" ಎಂದ ದೇವರಾಜು.

"ನಿಮ್ಗೆ ಹಿಂದಿನ ಗೇಟು."

ಮುಂದಿನ ಬಾಗಿಲೆಂದರೆ ಅಮೃತಶಿಲೆಯ ಮೆಟ್ಟಿಲು, ನೆತ್ತಿಯ ಮೇಲೆ ತೂಗುವ ದೀಪದ ಗೊಂಚಲು. ಸಿದ್ದಮಲ್ಲಪ್ಪನಿಗೆ ಜರಿಯಂಚಿನ ಕೆಂಪು ಪೇಟ, ಹಿತ್ತಾಳೆ ಗುಂಡಿಯ ಬಿಳಿ ಕೋಟು. ಕಾರು ಬಂದರೆ ಬಾಗಿಲು ತೆಗೆಯುವುದು, ಕೈ ಮುಗಿಯುವುದು. ಹಿಂದಿನ ಗೇಟೆಂದರೆ ಮೀನಿನ ಡಬ್ಬಿ, ತರಕಾರಿ ಲಾರಿ, ಕೊಳೆ ಬಟ್ಟೆಯ ಗಂಟು, ಎಂಜಲಿನ ಡ್ರಮ್ಮು. ದೇವರಾಜುವಿಗೆ ನೀಲಿ ಅಂಗಿ. ಮನೆಗೆ ಹೊರಟ ಕೆಲಸದವರ ಬ್ಯಾಗು ಬಿಚ್ಚಿಸಿ, ಚಮಚವೋ ಸೋಪೋ ಹೋಗುತ್ತಿದೆಯೇ ಎಂದು ನೋಡುವುದು ಅವನ ಕೆಲಸ. ಸಂಬಳ ಇಬ್ಬರಿಗೂ ಒಂದೇ. ಆದರೆ ಬ್ಯಾಗು ನೋಡುವವನನ್ನು ಕಂಡು ಯಾರೂ ನಗುವುದಿಲ್ಲ.

ಈಜಿಪುರದಲ್ಲಿ ಒಂದೇ ರೂಮು ಮಾಡಿಕೊಂಡಿದ್ದರು. ಸಿದ್ದಮಲ್ಲಪ್ಪ ಅನ್ನಕ್ಕಿಟ್ಟು ಅವತ್ತಿನ ಸುದ್ದಿ ಶುರು ಮಾಡುತ್ತಿದ್ದ. "ಇವತ್ತು ಒಬ್ಳು ಬಿಳೀ ಹೆಂಗ್ಸು ಬಂದಿದ್ಲು ಕಣ್ಲಾ. ಮೀಸೆ ಮುಟ್ಲಾ ಅಂತ ಕೇಳಿದ್ಲು. ನಾಚ್ಕೆ ಆಗೋಯ್ತು ನಂಗೆ." ಇನ್ನೊಂದು ದಿನ ಯಾವನೋ ಸಿನಿಮಾದವನು ಹೆಗಲ ಮೇಲೆ ಕೈ ಹಾಕಿ ಫೋಟೊ ತೆಗೆಸಿಕೊಂಡಿದ್ದ. ಇದರಲ್ಲಿ ಜಂಬವೇನೂ ಇರಲಿಲ್ಲ. ಅವನಿಗೇ ಎಲ್ಲ ಸೋಜಿಗವಾಗಿತ್ತು. ಜಂಬ ಇದ್ದಿದ್ದರೆ ದೇವರಾಜು ಬೈದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಅದಕ್ಕೂ ದಾರಿಯಿಲ್ಲದೆ ಈರುಳ್ಳಿ ಹೆಚ್ಚುತ್ತಾ "ಹೂಂ, ಹೂಂ" ಎನ್ನುತ್ತಿದ್ದ.

ಫೋಟೊಗಳು ಮಿರ್ಲೆಗೂ ತಲುಪಿದವು. ಒಂದು ದಿನ ಸುನಂದಮ್ಮ ಫೋನ್ ಮಾಡಿದಳು.

"ರೀ, ಸಿದ್ದಣ್ಣನ ಫೋಟ ನೋಡ್ದೆ. ಒಳ್ಳೆ ಮಾರಾಜ್ರು ನಿಂತಂಗೆ ನಿಂತವ್ರಲ್ಲ! ನೀವು ಎಲ್ಲಿ ನಿಂತ್ಕತೀರಿ?"

"ನಾನು ಒಳಗೆ ಇರ್ತೀನಿ. ಅವ್ನ್ನ ಆಚೆ ಹಾಕವ್ರೆ" ಎಂದುಬಿಟ್ಟ ದೇವರಾಜು.

"ಅಂಗಾದ್ರೆ ನಿಮ್ದೂ ಒಂದು ಫೋಟ ಕಳ್ಸಿ."

"ಒಳಗೆ ಫೋನು ಬುಡಕ್ಕಿಲ್ಲ ಕಣೆ."

ಅವತ್ತಿನಿಂದ ದೇವರಾಜು ಮೀಸೆ ಬಿಡಲು ಶುರು ಮಾಡಿದ. ಹರಳೆಣ್ಣೆ ತಿಕ್ಕಿದ. ಯಾರೋ ಹೇಳಿದರೆಂದು ಈರುಳ್ಳಿ ರಸ ಹಚ್ಚಿ ತುಟಿ ಉರಿಸಿಕೊಂಡ. ಮೀಸೆ ಬಂತು, ಆದರೆ ನೀರು ಕಾಣದ ಪೈರಿನ ಹಾಗೆ ಅಲ್ಲೊಂದು ಇಲ್ಲೊಂದು. ಲಾಂಡ್ರಿಯಲ್ಲಿ ಕೆಲಸ ಮಾಡುವ ಹುಣಸೂರಿನ ಹೇಮಶ್ರೀ ಬ್ಯಾಗು ತೋರಿಸುತ್ತಾ ಅವನ ಮುಖ ನೋಡಿದಳು. "ಏನಣ್ಣ, ಹುಷಾರಿಲ್ವಾ? ಶೇವಿಂಗ್ ಮಾಡ್ಕಂಡಿಲ್ಲ?" ಎಂದಳು. ಮಾರನೆಯ ದಿನ ಬೋಳಿಸಿಬಿಟ್ಟ. ಸಿದ್ದಮಲ್ಲಪ್ಪ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಆಡದೆ ಇದ್ದದ್ದಕ್ಕೂ ದೇವರಾಜುವಿಗೆ ಸಿಟ್ಟು ಬಂತು.

ಎರಡನೆಯ ವರ್ಷ ಸಿದ್ದಮಲ್ಲಪ್ಪನಿಗೆ ಹರ್ನಿಯಾ ಆಯಿತು. ಮೈಸೂರಿನಲ್ಲಿ ಆಪರೇಷನ್ ಮಾಡಿಸಿಕೊಂಡು ಊರಿನಲ್ಲಿ ಮಲಗಿದ. ಮುಂದಿನ ಬಾಗಿಲಿಗೆ ಯಾರು ಎನ್ನುವ ಪ್ರಶ್ನೆ ಬಂದಾಗ ಸಿದ್ದಮಲ್ಲಪ್ಪನೇ ಮಹೇಂದ್ರನಿಗೆ ಫೋನ್ ಮಾಡಿ, "ನಮ್ ದೇವರಾಜನ್ನ ನಿಲ್ಸಿ ಸಾರ್" ಎಂದಿದ್ದ.

ಹಾಗೆ ದೇವರಾಜು ಪೇಟ ಸುತ್ತಿದ. ಕೋಟು ದೊಡ್ಡದಾಗಿತ್ತು, ಹೇಮಶ್ರೀ ಒಳಗಡೆ ಹಿಡಿದು ಹೊಲಿದು ಕೊಟ್ಟಳು. ಮೊದಲ ದಿನ ಎರಡು ಕಾರಿಗೆ ತಪ್ಪು ಬಾಗಿಲು ತೆಗೆದ. ಆಮೇಲೆ ಅವನಿಗೇ ಆಶ್ಚರ್ಯವಾಗುವಂತೆ ಕೆಲಸ ಒಗ್ಗಿಹೋಯಿತು. ಗಾಡಿ ಓಡಿಸಿದವನಲ್ಲವೇ, ಯಾವ ಕಾರು ಎಲ್ಲಿ ನಿಲ್ಲುತ್ತದೆ ಎಂದು ಮೊದಲೇ ಅಂದಾಜಾಗುತ್ತಿತ್ತು. ಡ್ರೈವರುಗಳ ಹೆಸರು ನೆನಪಿಟ್ಟುಕೊಂಡು ಕೂಗುತ್ತಿದ್ದ. ಒಬ್ಬರು ಮುದುಕರು ಮೆಟ್ಟಿಲು ಹತ್ತಲಾರದೆ ನಿಂತಾಗ ಇವನು ಹೋಗಿ ತೋಳು ಕೊಟ್ಟ. ಅವರು ಒಳಗೆ ಹೋಗುವ ತನಕ ಇವನ ಕೈ ಬಿಡಲಿಲ್ಲ. ಮ್ಯಾನೇಜರ್ ಮೇಡಂ ಗಾಜಿನಾಚೆಯಿಂದ ನೋಡಿ, ಹೊರಗೆ ಬಂದು, "ವೆರಿ ಗುಡ್, ದೇವರಾಜ್" ಎಂದರು. ಅವರ ಬಾಯಲ್ಲಿ ತನ್ನ ಹೆಸರು ಕೇಳಿದ್ದು ಅದೇ ಮೊದಲು.

ಫೋಟೊ ತೆಗೆಸಿ ಸುನಂದಮ್ಮನಿಗೆ ಕಳಿಸಿದ. ಅವಳು ಸ್ಟೇಟಸ್ ಹಾಕಿದಳು. ಅವಳ ತವರು ಹನಗೋಡಿನಿಂದ ಭಾವಮೈದ ಫೋನ್ ಮಾಡಿ, "ಏನ್ ಭಾವ, ಮದುವೆ ಗಂಡು ಆಗೋಗಿದ್ದೀರಿ!" ಎಂದು ನಕ್ಕ. ದೇವರಾಜು ರೂಮಿನಲ್ಲಿ ಒಬ್ಬನೇ ಅನ್ನ ಮಾಡಿಕೊಂಡು, ಹೇಳಲು ಯಾರೂ ಇಲ್ಲದೆ ಅವತ್ತಿನ ಸುದ್ದಿಯನ್ನು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಸಿದ್ದಣ್ಣ ಇನ್ನೊಂದಷ್ಟು ದಿನ ಮಲಗಿರಲಿ ಎಂದು ಬೇಡಿಕೊಂಡದ್ದೂ ಉಂಟು.

ಸಿದ್ದಮಲ್ಲಪ್ಪ ತಿಂಗಳು ತುಂಬುವ ಮುನ್ನ ವಾಪಸು ಬಂದ. ಬ್ಯಾಗಿನಲ್ಲಿ ಸುನಂದಮ್ಮ ಕೊಟ್ಟ ಹುರಿಗಾಳು, ಅವನ ಹೆಂಡತಿ ಮಾಡಿದ ಚಕ್ಕುಲಿ. "ನೀನಿದ್ದಿದ್ದಕ್ಕೆ ನನ್ನ ಜಾಗ ಉಳೀತು ಕಣ್ಲಾ" ಎಂದು ದೇವರಾಜುವಿನ ಕೈ ಹಿಡಿದುಕೊಂಡ. ಮೇಡಂ ಅವನನ್ನು ನೋಡಿ ಚಪ್ಪಾಳೆ ತಟ್ಟಿದರು. ಮಧ್ಯಾಹ್ನಕ್ಕೆ ಹೇಮಶ್ರೀ ಕೋಟಿನ ಹೊಲಿಗೆ ಬಿಚ್ಚಿದಳು. ದೇವರಾಜು ನೀಲಿ ಅಂಗಿ ತೊಟ್ಟು ಹಿಂದಿನ ಗೇಟಿಗೆ ಹೋದ. ಬೂದುಗುಂಬಳದ ಲೋಡು ಇಳಿಯುತ್ತಿತ್ತು.

ಮೊದಲು ಅವನಿಗಿದ್ದದ್ದು ಇಲ್ಲದವನ ಹೊಟ್ಟೆಕಿಚ್ಚು. ಈಗಿನದು ಕೈಗೆ ಬಂದು ಜಾರಿಹೋದವನದು. ಅದರ ಉರಿಯೇ ಬೇರೆ. ಸಿದ್ದಮಲ್ಲಪ್ಪ ಗೊರಕೆ ಹೊಡೆದರೂ ಆಗದು, ಕನ್ನಡಿಯ ಮುಂದೆ ನಿಂತರೂ ಆಗದು. ಅವನು ತಂದ ಚಕ್ಕುಲಿಯನ್ನು ದೇವರಾಜು ಮುಟ್ಟಲಿಲ್ಲ.

ಒಂದು ದಿನ ಮಹೇಂದ್ರ ಹಿಂದಿನ ಗೇಟಿಗೆ ಬಂದವನು ಟೀ ಕುಡಿಯುತ್ತಾ ನಿಂತ. ಮಾತಿಗೆ ಮಾತು ಬಂದು, "ಸಿದ್ದಮಲ್ಲಪ್ಪ ಪರವಾಗಿಲ್ವಾ ಈಗ? ಒಸಿ ಸುಸ್ತಾದಂಗೆ ಕಾಣ್ತಾರೆ" ಎಂದ.

ದೇವರಾಜು ಲೋಟದೊಳಗೆ ನೋಡುತ್ತಾ ಹೇಳಿದ: "ವಯಸ್ಸಾಯ್ತಲ್ಲ ಸಾರ್. ನಮ್ ದೊಡ್ಡಣ್ಣನೂ ಅವ್ನೂ ಒಂದೇ ಕ್ಲಾಸು. ನಮ್ಮಣ್ಣಂಗೆ ಅರವತ್ತು ತುಂಬಿ ಎಲ್ಡು ವರ್ಸ ಆಯ್ತು."

"ಅರವತ್ತೆರಡಾ?" ಮಹೇಂದ್ರ ಟೀ ಲೋಟ ಕೆಳಗಿಟ್ಟ. "ನಮ್ ಏಜೆನ್ಸೀಲಿ ಐವತ್ತೆಂಟಕ್ಕೇ ಮುಗೀತು. ನಂಗೆ ಐವತ್ಮೂರು ಅಂದಿದ್ರಲ್ರೀ ಅವ್ರು!"

"ಅಯ್ಯೋ, ನಂಗ್ಯಾಕೆ ಸಾರ್. ಬಾಯಿಗೆ ಬಂತು ಹೇಳ್ದೆ. ಬುಡಿ" ಎಂದ ದೇವರಾಜು. ಆದರೆ ಬಾಯಿಗೆ ತಾನಾಗಿ ಬಂದ ಮಾತಲ್ಲ ಅದು. ಎಷ್ಟೋ ದಿನದಿಂದ ನಾಲಿಗೆಯ ಮೇಲೆ ಉರುಳಾಡುತ್ತಿದ್ದದ್ದು.

ಆ ತಿಂಗಳ ಕೊನೆಗೆ ಸಿದ್ದಮಲ್ಲಪ್ಪನನ್ನು ಕೆಲಸದಿಂದ ಬಿಡಿಸಿದರು. ಬೈದು ಕಳಿಸಲಿಲ್ಲ, ಮೇಡಂ ಶಾಲು ಹೊದಿಸಿದರು, ಅಡುಗೆಯವರು ಕೇಕು ತಂದರು. ಕತ್ತರಿಸುವಾಗ ಸಿದ್ದಮಲ್ಲಪ್ಪ ಅಳುತ್ತಿದ್ದ. ರೂಮಿಗೆ ಬಂದು ಬಟ್ಟೆ ತುಂಬಿಕೊಳ್ಳುತ್ತಾ ದೇವರಾಜುವಿಗೆ ಹೇಳಿದ:

"ಮೇಡಂಗೆ ನಾನೇ ಏಳಿವ್ನಿ. ಮುಂದಿನ ಬಾಗ್ಲು ನಮ್ ದೇವರಾಜಂಗೇ ಕೊಡಿ ಅಂತ. ಚೆನ್ನಾಗಿ ನೋಡ್ಕ."

ದೇವರಾಜು ಬಸ್‌ಸ್ಟ್ಯಾಂಡಿನ ತನಕ ಬ್ಯಾಗು ಹೊತ್ತುಕೊಂಡು ಹೋಗಿ ಬಿಟ್ಟುಬಂದ. ಮುಖ ಎತ್ತಲಿಲ್ಲ.

ಆದರೆ ಮುಂದಿನ ಬಾಗಿಲು ಅವನಿಗೆ ಸಿಗಲಿಲ್ಲ. ಹೋಟೆಲಿನವರು ಪೇಟ, ಕೋಟಿನ ಪದ್ಧತಿಯನ್ನೇ ತೆಗೆದುಹಾಕಿದರು. ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದ ಇಬ್ಬರು ಹುಡುಗಿಯರು ಮೈಸೂರು ಸಿಲ್ಕ್ ಸೀರೆಯುಟ್ಟು ಬಾಗಿಲಲ್ಲಿ ನಿಂತರು. ಇಂಗ್ಲಿಷ್, ಹಿಂದಿ ಎರಡರಲ್ಲೂ ಸ್ವಾಗತ ಹೇಳುತ್ತಿದ್ದರು. ದೇವರಾಜು ಮಹೇಂದ್ರನನ್ನು ಕೇಳಿದ್ದಕ್ಕೆ, "ಕಾಲ ಬದಲಾಯ್ತು ಕಣ್ರೀ. ಈಗ ಓದಿರೋರಿಗೆ ಮುಂದೆ, ನಮ್ಗೆಲ್ಲ ಹಿಂದೆ" ಎಂದ. ಆ ಹುಡುಗಿಯರ ಮೇಲೂ ದೇವರಾಜುವಿಗೆ ಹೊಟ್ಟೆ ಉರಿಯಿತು. ಅವರ ಬ್ಯಾಗನ್ನು ಉಳಿದವರಿಗಿಂತ ಹೆಚ್ಚು ಹೊತ್ತು ತಡಕುತ್ತಿದ್ದ.

ನಾಲ್ಕಾರು ತಿಂಗಳಾಗಿರಬೇಕು, ಸುನಂದಮ್ಮ ಫೋನಿನಲ್ಲಿ ಸುದ್ದಿ ಹೇಳಿದಳು. "ಸಿದ್ದಣ್ಣಂಗೆ ಕೆಲ್ಸ ಸಿಕ್ತಂತೆ ಕಣ್ರೀ. ಅಂತರಸಂತೆ ತಾವ ರೆಸಾರ್ಟಲ್ಲಿ. ಅಳಿಯ ಅಲ್ಲಿ ಸಫಾರಿ ಜೀಪ್ ಓಡಿಸ್ತಾನಲ್ಲ, ಅವ್ನೇ ಸೇರಿಸ್ದನಂತೆ. ಗೇಟಲ್ಲಿ ಕೂತ್ಕಳಾದು, ಅಷ್ಟೇಯ. ಇರಾಕೆ ಮನೆ ಕೊಟ್ಟವ್ರಂತೆ, ಹೆಂಡ್ತಿನೂ ಕರ್ಕಂಡ್ ಹೋದ್ರು."

"ಕೂತ್ಕಳಾದಾ?" ಎಂದ ದೇವರಾಜು. ಬೆಂಗಳೂರಿನಲ್ಲಿ ಯಾವ ಬಾಗಿಲಲ್ಲೂ ಯಾರಿಗೂ ಕುರ್ಚಿ ಇರಲಿಲ್ಲ.

ರಜೆ ಹಾಕಿ, ಅಂತರಸಂತೆಗೆ ಹೋಗಲು ಎಚ್.ಡಿ. ಕೋಟೆ ಬಸ್ಸು ಹತ್ತಿದ. ನೋಡಿಕೊಂಡು ಬರುತ್ತೇನೆ ಎಂದು ಹೆಂಡತಿಗೆ ಹೇಳಿದ್ದ. ಕೆಲಸ ಕೇಳಬೇಕು ಎಂದು ಮನಸ್ಸಿನಲ್ಲಿತ್ತು. ರೆಸಾರ್ಟಿನ ಗೇಟಿನಲ್ಲಿ ಹುಲ್ಲು ಹೊದಿಸಿದ ಚಪ್ಪರ, ಅದರಡಿಯಲ್ಲಿ ಬೆತ್ತದ ಕುರ್ಚಿ, ಕುರ್ಚಿಯಲ್ಲಿ ಸಿದ್ದಮಲ್ಲಪ್ಪ. ಬಣ್ಣ ಹಚ್ಚುವುದನ್ನು ಬಿಟ್ಟಿದ್ದ. ಕೂದಲು, ಮೀಸೆ ಎರಡೂ ಬೆಳ್ಳಗೆ ಫಳಫಳ ಹೊಳೆಯುತ್ತಿದ್ದವು. ಮೊದಲಿಗಿಂತ ಚೆನ್ನಾಗಿ ಕಾಣುತ್ತಿದ್ದ. ಜೀಪಿನಿಂದ ಇಳಿದ ಕೇರಳದ ದಂಪತಿಗಳು ಅವನ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಅವರು ಹೋಗುವ ತನಕ ದೇವರಾಜು ಮರದಡಿ ಕಾದ.

"ಬಾ, ಕೂತ್ಕ" ಎಂದ ಸಿದ್ದಮಲ್ಲಪ್ಪ. ದನಿಯಲ್ಲಿ ಮೊದಲಿನ ಸಲಿಗೆ ಇರಲಿಲ್ಲ.

ಊರು, ಮಳೆ, ಗದ್ದೆ ಎಲ್ಲ ಮಾತಾಡಿ ಆಯಿತು. ಕೊನೆಗೆ ದೇವರಾಜು ವಿಷಯಕ್ಕೆ ಬಂದ. "ಅಣ್ಣ, ಇಲ್ಲಿ ನಂಗೂ ಒಂದು ಕೆಲ್ಸ..."

"ಮಹೇಂದ್ರಂಗೆ ನನ್ನ ವಯಸ್ಸು ಏಳಿದ್ದು ನೀನೇ ಅಲ್ವೇನ್ಲಾ? ಆಮ್ಯಾಕೆ ಅವ್ನೇ ಬಾಯ್ಬುಟ್ಟ."

ದೇವರಾಜು ನೆಲ ನೋಡಿದ. ಇಲ್ಲ ಎನ್ನಲು ಬಾಯಿ ತೆರೆದವನು, "ಹೂಂ" ಎಂದ.

"ಯಾಕ್ಲಾ?"

"ತಡ್ಕಳಕಾಗ್ಲಿಲ್ಲ ಕಣಣ್ಣ."

ಒಂದು ಜೀಪು ಬಂತು. ಸಿದ್ದಮಲ್ಲಪ್ಪ ಎದ್ದು ಗೇಟು ತೆಗೆದು, ಹಾಕಿ, ಮತ್ತೆ ಬಂದು ಕೂತ. "ನಾನೂ ಸುಳ್ಳು ಏಳ್ದೋನೇ, ಅದು ಬುಡು. ಅವತ್ತು ಕೇಕ್ ಕತ್ತರಿಸ್ವಾಗ ಪಕ್ಕದಲ್ಲೇ ನಿಂತಿದ್ದಲ್ಲ ನೀನು, ನನ್ನ ಬ್ಯಾಗೂ ಹೊತ್ಯಲ್ಲ, ಅದು ಮರಿಯಾಕಾಗಲ್ಲ. ಮನೇಲಿ ಸಾರು ಮಾಡವ್ರೆ, ಉಂಡ್ಕಂಡ್ ಓಗು. ಕೆಲ್ಸ ಮಾತ್ರ ಕೇಳ್ಬ್ಯಾಡ. ಒಂದೇ ಬಾಗ್ಲಲ್ಲಿ ನಾವಿಬ್ರೂ ನಿಂತ್ಕಳಕಾಗಲ್ಲ."

ದೇವರಾಜು ಊಟ ಮಾಡಿದ. ಮನೆಯ ಹಿತ್ತಲಿನಿಂದ ಹಿನ್ನೀರು ಕಾಣುತ್ತಿತ್ತು, ಆಚೆ ದಂಡೆಯಲ್ಲಿ ಆನೆಗಳು. ಬಡಿಸುತ್ತಿದ್ದ ಸಿದ್ದಮಲ್ಲಪ್ಪನ ಹೆಂಡತಿಗೆ ಏನೂ ಗೊತ್ತಿರಲಿಲ್ಲ. "ಇನ್ನೊಂದು ಮುದ್ದೆ ಹಾಕ್ಕಳಪ್ಪ, ಬೆಂಗ್ಳೂರಲ್ಲಿ ಏನ್ ಸಿಕ್ತದೆ" ಎನ್ನುತ್ತಿದ್ದರು. ನಾಚಿಕೆಯಲ್ಲಿ ಕತ್ತು ಬಗ್ಗಿಸಿ ಉಣ್ಣುತ್ತಿದ್ದರೂ ಅವನ ಕಣ್ಣು ಆ ಮನೆಯ ಹೆಂಚು, ನಲ್ಲಿ, ಹಿತ್ತಲಿನ ನಿಂಬೆಗಿಡ ಎಲ್ಲವನ್ನೂ ಅಳೆಯುತ್ತಲೇ ಇತ್ತು.

ಅವನು ಬೆಂಗಳೂರಿಗೇ ವಾಪಸು ಹೋದ. ಈಗ ಹಿಂದಿನ ಗೇಟಿಗೆ ಅವನೇ ಹಿರಿಯ. ಲಾರಿಯವರು ನಮಸ್ಕಾರ ಹೇಳುತ್ತಾರೆ. ಸೀರೆಯುಟ್ಟ ಹುಡುಗಿಯರಲ್ಲಿ ಒಬ್ಬಳು ದುಬೈಗೆ ಹೋದಳು. ಹೋಗುವ ಮುಂಚೆ ಗೇಟಿಗೆ ಬಂದು ಸ್ವೀಟು ಕೊಟ್ಟಳು.

ಕಳೆದ ಯುಗಾದಿಗೆ ಇಬ್ಬರೂ ಊರಿಗೆ ಬಂದಿದ್ದರು. ಮಿರ್ಲೆಯ ಟೀ ಅಂಗಡಿಯಲ್ಲಿ ಒಂದೇ ಬೆಂಚಿನ ಆ ತುದಿಗೊಬ್ಬ, ಈ ತುದಿಗೊಬ್ಬ. ಮಗನಿಗೆ ಬೆಂಗಳೂರಿನ ಹೋಟೆಲಿನಲ್ಲಿ ಕೆಲಸ ಸಿಗುವುದೇ ಎಂದು ಕೇಳಿಕೊಂಡು ಊರಿನ ಚೆಲುವರಾಜು ಸಿದ್ದಮಲ್ಲಪ್ಪನ ಬಳಿ ಬಂದ. ಸಿದ್ದಮಲ್ಲಪ್ಪ ಗಲ್ಲ ಎತ್ತಿ ದೇವರಾಜುವನ್ನು ತೋರಿಸಿದ. "ಅವ್ನ್ನ ಕೇಳು. ಈಗ್ಲೂ ಅಲ್ಲಿರಾನು ಅವ್ನೇ. ನಂಗಿಂತ ಅವ್ನಿಗೇ ಗೊತ್ತು."

ದೇವರಾಜು ನೆಟ್ಟಗೆ ಕೂತ. ಕೆಲಸ ಬೇಕಾದಷ್ಟಿದೆ, ಅಡುಗೆ ಕಲಿತರೆ ಬೇಗ ಮೇಲೆ ಹೋಗಬಹುದು, ರೂಮ್ ಕ್ಲೀನಿಂಗ್ ಎಂದು ಮೂಗು ಮುರಿಯಬಾರದು, ಇಂಗ್ಲಿಷ್ ನಾಲ್ಕು ಮಾತು ಬಂದರೆ ಮುಂದಿನ ಕಡೆ ಹಾಕುತ್ತಾರೆ ಎಂದು ಬಿಡಿಸಿ ಬಿಡಿಸಿ ಹೇಳಿದ. ಅಂಗಡಿಯಲ್ಲಿದ್ದವರೆಲ್ಲ ಇವನ ಕಡೆ ತಿರುಗಿ ಕೇಳುತ್ತಿದ್ದರು. ಎಷ್ಟೋ ವರ್ಷದ ಮೇಲೆ ಎದೆ ಹಗುರಾಗಿತ್ತು. ಅವನ ಮಾತು ಇನ್ನೂ ಅರ್ಧದಲ್ಲಿತ್ತು. ಅಷ್ಟರಲ್ಲಿ ಹಿಂದಿನಿಂದ ಯಾರೋ ಕೇಳಿದರು:

"ಸಿದ್ದಣ್ಣ, ನಿಮ್ ಗೇಟ್ ತಾವ ಆನೆ ಬತ್ತವಂತಲ್ಲ, ದಿಟವಾ?"

ಅಷ್ಟೂ ಜನ ಸಿದ್ದಮಲ್ಲಪ್ಪನ ಕಡೆ ತಿರುಗಿದರು. ಚೆಲುವರಾಜುವೂ ತಿರುಗಿದ. ಸಿದ್ದಮಲ್ಲಪ್ಪ ಮೆಲ್ಲಗೆ, ಹಿಂದಿನ ವಾರ ಬಂದ ಒಂಟಿ ಸಲಗದ ಕತೆ ಶುರು ಮಾಡಿದ. ದೇವರಾಜು ಎದ್ದು, ಇಬ್ಬರ ಟೀಗೂ ಕಾಸು ಕೊಟ್ಟು, ಗದ್ದೆಯ ಕಡೆ ನಡೆದ. ಕತೆ ಪೂರ್ತಿ ಕೇಳಬೇಕೆಂದು ಆಸೆಯಿತ್ತು, ಕೇಳಲು ಆಗಲಿಲ್ಲ.