ಹೆಸರು ಹಿಡಿದು ಕರೆದದ್ದು

"ಆ ಸೀರಿಯಲ್ ಹುಡುಗಿ ನಮ್ಮ ಕಾಲದೋಳು ಕಣೇ. ಕೆರೆಗೆ ಬಿದ್ದು ಎದ್ರೆ ಸಾವಿರ ವರ್ಷದ ಹಿಂದಿನ ಚೀನಾ ಅರಮನೆ! ಅಲ್ಲಿ ರಾಜಕುಮಾರನ ಹೆಸರು ಹೇಳಿದ್ರೆ ತಲೇನೇ ತೆಗೀತಾರೆ. ಇವಳಿಗೇನು ಗೊತ್ತು? ತುಂಬಿದ ಸಭೇಲಿ ಹೆಸರು ಹಿಡಿದು ಕರೆದ್ಲು. ಅವನು ಕೋಪ ಮಾಡ್ಕೊಳ್ಳಲಿಲ್ಲ, ತಿರುಗಿ ನೋಡ್ದ. ಆ ನೋಟಕ್ಕೇ ನಾನು ದಿನಾ ಟೀವಿ ಮುಂದೆ ಕೂರೋದು."

ಕೆನಡಾದ ಎರಿನ್ ಮಿಲ್ಸಿನ ಮನೆಯಲ್ಲಿ ಸುಗುಣಮ್ಮ ಮೊಮ್ಮಗಳು ಈಶಾಳಿಗೆ ಹೀಗೆ ಹೇಳಿದರು.

"ನೀವು ತಾತನ್ನ ಏನಂತ ಕರೀತೀರ?"

"ರೀ ಅಂತೀನಿ. ಕೇಳಿಸದಿದ್ರೆ ಬಳೆ ಸದ್ದು ಮಾಡ್ತೀನಿ."

"ದಟ್ಸ್ ನಾಟ್ ಎ ನೇಮ್, ಅಜ್ಜಿ!" ಈಶಾ ನಕ್ಕಳು.

ಸುಗುಣಮ್ಮ ನಗಲಿಲ್ಲ. ಮದುವೆಯಾದಾಗಿನಿಂದ ಗಂಡನ ಹೆಸರು ಅವರ ಬಾಯಿಂದ ಬಂದಿರಲಿಲ್ಲ. ಆಸ್ಪತ್ರೆಯಲ್ಲಿ ಕೇಳಿದಾಗಲೂ, ಅವನೇ ಹೇಳಲಿ ಎಂದು ಮಗನ ಮುಖ ನೋಡಿದ್ದರು. ಆ ರಾಜಕುಮಾರನ ನೋಟದಂಥದ್ದು ತನಗೂ ಬೇಕು, ಇವತ್ತೇ ಬೇಕು ಎಂದು ಎದ್ದು ಬೇಸ್‌ಮೆಂಟಿನ ಮೆಟ್ಟಿಲ ಬಳಿ ನಿಂತರು. ಕೆಳಗೆ ಗಂಡ ಡ್ರೈಯರಿನಿಂದ ಬಟ್ಟೆ ತೆಗೆಯುತ್ತಿದ್ದರು. ಸುಗುಣಮ್ಮ ಕಂಬಿ ಬಿಗಿಯಾಗಿ ಹಿಡಿದು ಕೂಗಿದರು.

"ಪುರುಷೋತ್ತಮ!"

ಕೈಯಲ್ಲಿ ಟವೆಲ್ ಹಿಡಿದೇ ಅವರು ತಿರುಗಿದರು. ಬಹಳ ಹೊತ್ತು ನೋಡಿದರು.

"ಇನ್ನೊಂದ್ಸಲ ಕರಿಯೇ" ಎಂದರು.

"ಮೊದಲು ಬುಟ್ಟಿ ಮೇಲೆ ತನ್ನಿ."

ಬುಟ್ಟಿ ಮೇಲೆ ಬಂತು. ಇಬ್ಬರೂ ಸೋಫಾದ ಮೇಲೆ ಕೂತು, ಇನ್ನೂ ಬಿಸಿಯಿದ್ದ ಬಟ್ಟೆಗಳನ್ನು ಮಡಚತೊಡಗಿದರು.