ಎರಡು ಮುಳ್ಳು, ಒಂದೇ ಸುಳ್ಳು

ಆ ಬೀದಿಯ ಜನಕ್ಕೆ ಮೀಟರ್ ಡಾಕ್ಟರನ ಮುಖಕ್ಕಿಂತ ಕಾಲುಗಳ ಪರಿಚಯವೇ ಹೆಚ್ಚು. ಹಳೇ ಕಾರುಗಳ ಡ್ಯಾಶ್‌ಬೋರ್ಡಿನ ವೈರಿಂಗ್ ರಿಪೇರಿ ಅವನ ಕಸುಬು. ತಲೆಯನ್ನು ಸ್ಟೇರಿಂಗಿನ ಕೆಳಗೆ ತೂರಿಸಿ, ಕಾಲುಗಳನ್ನು ತೆರೆದ ಬಾಗಿಲಿನಿಂದ ರಸ್ತೆಗೆ ಚಾಚಿದನೆಂದರೆ ಅರ್ಧ ದಿನ ಹೊರಗೆ ಕಾಣುವುದು ಅವೇ. ಅವು ಒಂದು ಗಳಿಗೆ ಸುಮ್ಮನಿದ್ದದ್ದನ್ನು ಕಂಡವರಿಲ್ಲ. ಪಕ್ಕದ ಪಂಕ್ಚರ್ ಅಂಗಡಿಯವನು ಆ ಕಾಲು ನೋಡಿಯೇ ಒಳಗಿನ ವರದಿ ಕೊಡುತ್ತಿದ್ದ: ಹೆಬ್ಬೆರಳು ಕುಣಿಯುತ್ತಿದ್ದರೆ ಕೆಲಸ ಸಾಗಿದೆ, ಹಿಮ್ಮಡಿ ನೆಲ ಒದೆಯುತ್ತಿದ್ದರೆ ಬೇಕಾದ ವೈರು ಸಿಕ್ಕಿಲ್ಲ, ಎರಡೂ ಕಾಲು ಗಾಳಿಗೆದ್ದರೆ ಸ್ಕ್ರೂ ಮೂಗಿನ ಮೇಲೆ ಬಿದ್ದಿದೆ.

ಡಾಕ್ಟರ್ ಎಂಬ ಬಿರುದು ಅವನೇ ಕೊಟ್ಟುಕೊಂಡದ್ದು. ಉಳಿದ ಎಲೆಕ್ಟ್ರಿಷಿಯನ್ನರೆಲ್ಲ ವೈರು ಕತ್ತರಿಸಿ ಟೇಪು ಸುತ್ತುವ ಕಾಂಪೌಂಡರುಗಳು, ಮೀಟರಿನ ಮುಳ್ಳಿನ ನಾಡಿ ಬಲ್ಲವನು ತಾನೊಬ್ಬನೇ ಎಂದು ಅವನ ಖಾತ್ರಿ. ಹಾಗಂತ ಬೋರ್ಡು ಬರೆಸಲು ಹೋಗಿ, ಜಾಗ ಸಾಲದೆ, ಪೇಂಟರು ‘ಮುಳ್ಳಿನ ನಾ’ ಎಂಬಲ್ಲಿಗೆ ಕೈ ತೊಳೆದುಕೊಂಡಿದ್ದ.

ಕೂತಲ್ಲಿ ಕೂರದ ಆಸಾಮಿ. ಶಾಲೆಯಲ್ಲಿ ಬೆಂಚಿನ ಮೇಲೆ ಕೂತದ್ದಕ್ಕಿಂತ ನಿಂತದ್ದೇ ಹೆಚ್ಚು. ಊಟಕ್ಕೆ ಕೂತರೆ ಅವನ ಮೊಣಕಾಲಿನ ತಾಳಕ್ಕೆ ನೀರಿನ ಲೋಟ ನಡುಗುತ್ತಿತ್ತು. ಹೊಲಿಗೆ ಕೆಲಸ ಮಾಡುವ ಅವನ ಹೆಂಡತಿ, ಮೆಷಿನ್ನಿಗೆ ಮೋಟಾರು ದಂಡ, ಇವರ ಕಾಲು ಕಟ್ಟಿದರೆ ಸಾಕು ಎಂದು ಬಂದವರೆದುರೆಲ್ಲ ಹೇಳುತ್ತಿದ್ದಳು. ತಾನು ಇಷ್ಟು ಅಲುಗಾಡುವ ಮನುಷ್ಯನಿಗೆ ಬೇರೆ ಯಾವ ವಸ್ತು ಅಲುಗಾಡಿದರೂ ತಡೆಯುತ್ತಿರಲಿಲ್ಲ. ಮನೆಯ ಕಿಟಕಿ, ಕಪಾಟು, ಪಾತ್ರೆಯ ಮುಚ್ಚಳ ಎಲ್ಲಕ್ಕೂ ರಬ್ಬರು ತುರುಕಿದ್ದ. ಬಾಗಿಲಿಗೂ ಸದ್ದಿಲ್ಲದ್ದರಿಂದ ಅತ್ತೆ ಯಾವಾಗ ಬಂದರು, ಎಷ್ಟು ಹೊತ್ತಿನಿಂದ ಹಿಂದೆ ನಿಂತಿದ್ದಾರೆ ಎಂಬುದು ಯಾರಿಗೂ ತಿಳಿಯುತ್ತಿರಲಿಲ್ಲ.

ಕಾಲ ಬದಲಾಯಿತು. ಹೊಸ ಕಾರುಗಳಲ್ಲಿ ಮುಳ್ಳೇ ಇಲ್ಲ, ಬರೀ ಪರದೆ. ಹಳೇ ಕಾರುಗಳು ಒಂದೊಂದಾಗಿ ಗುಜರಿಗೆ ಹೋದವು. ಕೊನೆಗೆ ಅವನ ಕೈಯಲ್ಲಿ ಉಳಿದದ್ದು ಒಂದೇ ಕಾರು. ನಿವೃತ್ತ ಹೆಡ್‌ಮಿಸ್ಸಿನದು, ಕಪ್ಪು ಬಣ್ಣದ್ದು, ದಂತದ ಬಣ್ಣದ ದುಂಡು ಮೀಟರುಗಳದ್ದು. ಆ ಕಾರು ಇರುವ ತನಕ ಅವನು ಡಾಕ್ಟರು. ಅದೂ ಹೋದರೆ ಹಾರ್ನು ಕೂಡಿಸುವ ಕಾಂಪೌಂಡರು.

ಆ ಕಾರೇ ಈಗ ಸುಳ್ಳು ಹೇಳತೊಡಗಿತ್ತು. ತಿಂಗಳಿಂದ ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆಗೆ ಒರಗಿಯೇ ಇರುತ್ತಿತ್ತು. ಇಂಜಿನ್ನು ಮುಟ್ಟಿ ನೋಡಿದರೆ ತಣ್ಣಗೆ. ಕೊನೆಗೆ ಪೆಟ್ರೋಲಿನ ಮುಳ್ಳು ಕಾಲು ಟ್ಯಾಂಕು ಇದೆ ಎಂದು ಆಣೆ ಮಾಡುತ್ತಿದ್ದಾಗಲೇ ಕಾರು ನಡುದಾರಿಯಲ್ಲಿ ನಿಂತಿತು, ಹೆಡ್‌ಮಿಸ್ಸು ಬಿಸಿಲಲ್ಲಿ ಕೂರಬೇಕಾಯಿತು. ನಾಳೆ ಅವರು ಗುಡ್ಡದಾಚೆಯ ಅಕ್ಕನ ಮನೆಗೆ ಹೋಗಬೇಕು. ಕಾರನ್ನು ತಂದು ನಿಲ್ಲಿಸಿ, ಬೀಗದ ಕೈ ಅವನ ಅಂಗೈಯಲ್ಲಿಟ್ಟು ಹೇಳಿದರು:

“ಡಾಕ್ಟ್ರೇ, ಇನ್ನೊಂದು ಸಲ ಸುಳ್ಳು ಹೇಳಿದ್ರೆ ಇದನ್ನ ಮಾರಿಬಿಡ್ತೀನಿ. ಸುಳ್ಳು ಹೇಳೋರ ಜೊತೆ ನಂಗೆ ಆಗಲ್ಲ.”

ಡಾಕ್ಟರನ ಹಿಮ್ಮಡಿ ಅಂದು ರಸ್ತೆಯನ್ನು ಅಗೆಯುವುದೊಂದು ಬಾಕಿ. ಟ್ಯಾಂಕಿನೊಳಗೆ ಪೆಟ್ರೋಲಿನ ಮಟ್ಟ ಅಳೆಯುವ ತೇಲುಗುಂಡು ಬಿಚ್ಚಿ ನೋಡಿದ, ಸರಿ ಇತ್ತು. ಇಂಜಿನ್ನಿನ ವೈರು ಬದಲಿಸಿದ, ಮುಳ್ಳು ಕೆಂಪಿಗೇ ಹೋಯಿತು. ಬ್ಯಾಟರಿಯನ್ನು ಬೈದ, ವೈರು ಮಾಡಿದ ಕಂಪನಿಯನ್ನು ಬೈದ, ಹೆಡ್‌ಮಿಸ್ಸು ಗೇರು ಹಾಕುವ ರೀತಿಯನ್ನೂ ಬಿಡಲಿಲ್ಲ. ಎದ್ದ, ಬೀದಿ ತುದಿಗೆ ಹೋಗಿ ಬಂದ, ಮತ್ತೆ ತಲೆ ತೂರಿಸಿದ. ಸಂಜೆ ಮುಂದೆ ಟೀ ತಂದ ಹೆಂಡತಿಯನ್ನು ಸೀಟಿನ ಮೇಲೆ ಕೂರಿಸಿ, ಮುಳ್ಳು ಎಲ್ಲಿದೆ ಹೇಳುತ್ತಿರು ಎಂದ. ಅವಳು ಬಟ್ಟೆ ಅಳೆಯುವವಳ ಹಾಗೆ ಕಣ್ಣು ಕಿರಿದು ಮಾಡಿ ನೋಡಿದಳು.

“ರೀ, ಎರಡೂ ಒಟ್ಟಿಗೇ ಏರ್ತಾ ಇವೆಯಲ್ಲ.”

“ಅದು ಬೇರೆ ಮೀಟರು, ಇದು ಬೇರೆ ಮೀಟರು. ನಿಂಗೆ ಗೊತ್ತಾಗಲ್ಲ ಸುಮ್ನಿರು.”

“ಮೀಟರ್ ಗೊತ್ತಿಲ್ಲಪ್ಪ, ಮಕ್ಕಳು ಗೊತ್ತು. ಎರಡು ಮಕ್ಕಳು ಒಂದೇ ಸುಳ್ಳು ಹೇಳಿದ್ರೆ, ಹೇಳ್ಕೊಟ್ಟೋನು ಒಬ್ಬ ಇರ್ತಾನೆ.”

ಹೊರಗಿನ ಕಾಲುಗಳು ನಿಂತವು. ಪಂಕ್ಚರ್ ಅಂಗಡಿಯವನು ಗಾಬರಿಯಾಗಿ, ಜೀವ ಇದೆಯೇ ಎಂದು ಓಡಿ ಬಂದ.

ಹೇಳಿಕೊಟ್ಟವನು ಇದ್ದ. ಎರಡೂ ಮೀಟರಿಗೆ ಕರೆಂಟನ್ನು ಹದ ಮಾಡಿ ಬಡಿಸುವ ಬೆಂಕಿಪೊಟ್ಟಣದಷ್ಟು ತಗಡಿನ ಸ್ಟೆಬಿಲೈಜರು ಡ್ಯಾಶ್‌ಬೋರ್ಡಿನ ಬೆನ್ನಿಗಿತ್ತು. ಅದರ ಮೈ ಕಾರಿನ ಕಬ್ಬಿಣದ ಮೈಗೆ ತಾಗಿಕೊಂಡಿದ್ದರೆ ಮಾತ್ರ ಅದಕ್ಕೆ ಹದ ಗೊತ್ತಾಗುವುದು. ತಾಗದಿದ್ದರೆ ಬಂದ ಕರೆಂಟನ್ನೆಲ್ಲ ಹಾಗೇ ಸುರಿದುಬಿಡುತ್ತದೆ. ಈಗ ಅದಕ್ಕೂ ಕಬ್ಬಿಣಕ್ಕೂ ನಡುವೆ ನೀಟಾಗಿ ದುಂಡಗೆ ಕತ್ತರಿಸಿದ ರಬ್ಬರಿನ ತುಂಡೊಂದು ಕೂತಿತ್ತು. ಅಂಥ ನೀಟು ಕೈ ಊರಿನಲ್ಲಿ ಒಂದೇ. ತಿಂಗಳ ಹಿಂದೆ ಡ್ಯಾಶ್‌ಬೋರ್ಡು ಕಟಕಟ ಎನ್ನುತ್ತದೆಂದು, ಹೆಡ್‌ಮಿಸ್ಸು ಕೇಳದೇ ಇದ್ದರೂ, ಸ್ಕ್ರೂಗೆ ಸಹಾ ರಬ್ಬರು ತೊಡಿಸಿದ್ದು ಅವನೇ.

ರಬ್ಬರು ಕಿತ್ತು, ತಗಡು ಉಜ್ಜಿ, ಮೈಗೆ ಮೈ ಸೇರಿಸಿ ಬಿಗಿದ. ಮುಳ್ಳುಗಳೆರಡೂ ತಲೆ ತಗ್ಗಿಸಿ ತಮ್ಮ ತಮ್ಮ ಜಾಗಕ್ಕೆ ಇಳಿದವು. ಅವನ ಚಡಪಡಿಕೆ ಮಾತ್ರ ಇಳಿಯಲಿಲ್ಲ. ಇಲಿ ವೈರು ಕಡಿದಿತ್ತು ಎಂದುಬಿಟ್ಟರೆ ಬಿರುದು ಉಳಿಯುತ್ತದೆ ಎಂದು ಹೆಂಡತಿಯ ಹತ್ತಿರ ಹೇಳಿ ನೋಡಿದ. ಅವಳು ಸೂಜಿಗೆ ದಾರ ಪೋಣಿಸುತ್ತ, ಪಾಪ ಇಲಿ, ಅಂದಳು, ಅಷ್ಟೇ.

ಬೆಳಿಗ್ಗೆ ಹೆಡ್‌ಮಿಸ್ಸು ಬಂದು ಏನಾಗಿತ್ತೆಂದು ಕೇಳಿದರು. ಇಲಿಯ ಕಥೆ ಅವನ ನಾಲಗೆ ತುದಿಗೆ ಬಂದಿತ್ತು. ಕನ್ನಡಕದ ಮೇಲಿಂದ ಬಂದ ಆ ನೋಟಕ್ಕೆ ಇಲಿ ಬಿಲ ಸೇರಿತು.

“ನಂದೇ ತಪ್ಪು ಮೇಡಂ. ಸದ್ದು ನಿಲ್ಸೋಕೆ ಹೋಗಿ ನಾನೇ ಕೆಡಿಸಿದ್ದು.”

“ಈಗ ನಿಜ ಹೇಳುತ್ತಾ?”

“ಹೇಳುತ್ತೆ.”

“ಹಾಗಾದ್ರೆ ಹತ್ತು. ಅಕ್ಕನ ಮನೆ ತನಕ ಪಕ್ಕದಲ್ಲೇ ಕೂತಿರು. ನಿಂತರೆ ತಳ್ಳೋಕೂ ಒಬ್ಬರು ಬೇಕು.”

ತನ್ನನ್ನು ‘ಡಾಕ್ಟ್ರೇ’ಯಿಂದ ‘ನೀನು’ಗೆ ಇಳಿಸಿದ್ದನ್ನು ಅವನು ಗಮನಿಸಿದ. ಹತ್ತಿ ಕೂತ. ದಾರಿಯುದ್ದಕ್ಕೂ ಡ್ಯಾಶ್‌ಬೋರ್ಡು ಕಟಕಟ ಎನ್ನುತ್ತಿತ್ತು, ಪ್ರತಿ ಕಟಕಟವೂ ಅವನ ಹಲ್ಲಿಗೆ ಬಡಿಯುತ್ತಿತ್ತು. ಮೊಣಕಾಲು ಎರಡು ಸಲ ಶುರು ಮಾಡಿತು, ಎರಡು ಸಲವೂ ಹೆಡ್‌ಮಿಸ್ಸು ರಸ್ತೆಯಿಂದ ಕಣ್ಣು ತೆಗೆಯದೆ, ಕಾಲು, ಎಂದರು. ಗುಡ್ಡದ ಏರಿನಲ್ಲಿ ಬಿಸಿಯ ಮುಳ್ಳು ಮೆಲ್ಲಗೆ ಎದ್ದಿತು. ಅರ್ಧ ದಾಟಿತು. ಕೆಂಪಿನತ್ತ ಹೊರಟಿತು. ಮತ್ತೆ ಸುಳ್ಳಾದರೆ ಕಾರೂ ಹೋಯಿತು, ಕಸುಬೂ ಹೋಯಿತು. ಸುಮ್ಮನಿದ್ದು, ಅದು ನಿಜವಾದರೆ ಇಂಜಿನ್ನೇ ಹೋಯಿತು.

“ಏನ್ ಮಾಡ್ಲಿ?” ಎಂದರು ಹೆಡ್‌ಮಿಸ್ಸು.

“ನಿಲ್ಸಿ ಮೇಡಂ. ಮುಳ್ಳಿನ ಮಾತು ಕೇಳಿ.”

ಬಾನೆಟ್ಟು ಎತ್ತಿದರೆ ರೇಡಿಯೇಟರು ಬುಸುಗುಟ್ಟುತ್ತಿತ್ತು. ಒಳಗೆ ನೀರು ತಳ ಕಂಡಿತ್ತು. ತಿಂಗಳಿಂದ ಮುಳ್ಳು ಸುಮ್ಮಸುಮ್ಮನೆ ಕೂಗಿಕೊಂಡದ್ದರಿಂದ ನೀರು ನೋಡುವ ಅಭ್ಯಾಸವನ್ನೇ ಇಬ್ಬರೂ ಬಿಟ್ಟಿದ್ದರು. ಮುಖಕ್ಕೆ ಹಬೆ ಹೊಡೆಯುತ್ತಿದ್ದರೂ ಡಾಕ್ಟರು, ಮಗು ಹುಟ್ಟಿದ ಸುದ್ದಿ ಹೇಳುವವನ ಹಾಗೆ ಬಾಯಿ ತುಂಬ ನಗುತ್ತ, “ಕುದೀತಾ ಇದೆ ಮೇಡಂ, ನಿಜವಾಗ್ಲೂ ಕುದೀತಾ ಇದೆ,” ಎಂದ.

ಹೆಡ್‌ಮಿಸ್ಸು ಒಮ್ಮೆ ಹಬೆಯನ್ನೂ ಒಮ್ಮೆ ಮುಳ್ಳನ್ನೂ ನೋಡಿದರು.

“ಮಾರೋ ಮಾತು ಬಿಟ್ಟೆ. ಆ ಹಲ್ಲು ಮುಚ್ಕೊಂಡು ಎಲ್ಲಾದ್ರೂ ನೀರು ಸಿಗುತ್ತಾ ನೋಡ್ಕೊಂಡು ಬಾ.”

ಆಗಲೇ ಅವನು ಡಬ್ಬ ಹಿಡಿದು ಇಳಿಜಾರಿನಲ್ಲಿ ಅರ್ಧ ದೂರ ಹೋಗಿದ್ದ.